ಬುಡು ಎಂದು ಕೂಗಿದ ಕೀಪರ್

ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ತಂಡದ ಕೋಚ್ ಆಗಿ ನಾನು ಮಾಡಿದ ಕೆಲಸದಲ್ಲಿ ಜನ ನೆನಪಿಟ್ಟುಕೊಂಡಿರುವುದು ಒಂದೇ ಸಂಗತಿಯನ್ನು. ಅರ್ಹತಾ ಪಂದ್ಯಕ್ಕೆ ಹೊರಟಾಗ ತನ್ನೂರಿನ ಗೋಲ್‌ಕೀಪರನ್ನೇ ಕೈಬಿಟ್ಟು, ಸೋತು ಬಂದವಳು. ಅದು ಸುಳ್ಳಲ್ಲ. ಕೈಬಿಟ್ಟದ್ದೂ ನಿಜ, ಸೋತದ್ದೂ ನಿಜ. ಮದುವೆಮನೆ, ತರಕಾರಿ ಅಂಗಡಿ, ಎಲ್ಲೆಂದರಲ್ಲಿ ಯಾರಾದರೂ ‘ಯಾಕೆ ಮೇಡಂ ಹಾಗೆ ಮಾಡಿದ್ರಿ’ ಎಂದು ಕೇಳುತ್ತಾರೆ. ಅರ್ಧ ಹೇಳುವಷ್ಟರಲ್ಲಿ ಅವರ ಗಮನ ಬೇರೆಲ್ಲೋ ಹೋಗಿರುತ್ತದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತಿದ್ದೇನೆ.

ಪಂದ್ಯಕ್ಕೆ ಮೊದಲಿನ ಶಿಬಿರ ಮೈಸೂರಿನಲ್ಲೇ ನಡೆಯಬೇಕೆಂದು ಹಟ ಹಿಡಿದವಳು ನಾನು. ನಾವು ಆಡಬೇಕಿದ್ದ ಪರದೇಶದ ಊರಿನ ಹವೆಯೂ ಇಲ್ಲಿನದೂ ಹೆಚ್ಚುಕಡಿಮೆ ಒಂದೇ ಎಂಬುದು ಫೆಡರೇಷನ್ನಿಗೆ ನಾನು ಕೊಟ್ಟ ಕಾರಣ. ನಜರ್‌ಬಾದಿನ ನನ್ನ ಮನೆಯಲ್ಲಿ ಕಾಫಿ ಕುಡಿದು ಮೈದಾನಕ್ಕೆ ಹೊರಡಬಹುದು ಎಂಬುದು ಕೊಡದ ಕಾರಣ. ತಂಡದಲ್ಲಿ ಕನ್ನಡದವರು ನನ್ನನ್ನು ಬಿಟ್ಟರೆ ಇಬ್ಬರೇ. ಒಬ್ಬಳು ಗೋಲ್‌ಕೀಪರ್, ಮೈಸೂರಿನದೇ ಬನ್ನಿಮಂಟಪದವಳು. ಇನ್ನೊಬ್ಬಳು ಅವಳ ಮುಂದೆಯೇ ನಿಲ್ಲುವ ಡಿಫೆಂಡರ್, ನಂಜನಗೂಡಿನ ಆಚೆಯ ಹಳ್ಳಿಯವಳು. ಮಿಕ್ಕವರೆಲ್ಲ ಬೇರೆ ಬೇರೆ ರಾಜ್ಯದವರು, ಬೇರೆ ಬೇರೆ ಭಾಷೆಯವರು.

ಕೀಪರಿಗೆ ಮೂವತ್ತು ದಾಟಿತ್ತು. ಅವಳ ಒಳ್ಳೆಯ ವರ್ಷಗಳೆಲ್ಲ ಇನ್ನೊಬ್ಬ ಕೀಪರಿನ ಹಿಂದೆ ಬೆಂಚಿನ ಮೇಲೆ ಕಳೆದುಹೋಗಿದ್ದವು. ಆ ಇನ್ನೊಬ್ಬಳು ನಿವೃತ್ತಳಾದ ಮೇಲೆ ಇವಳಿಗೆ ಜಾಗ ಸಿಕ್ಕಿತ್ತು. ಈ ಪಂದ್ಯ ಗೆದ್ದರೆ ದೊಡ್ಡ ಟೂರ್ನಿ, ಸೋತರೆ ಮುಂದಿನದಕ್ಕೆ ಕಾಯಬೇಕು, ಅಷ್ಟು ಹೊತ್ತಿಗೆ ಇವಳ ಮೊಣಕಾಲು ಕೈಕೊಟ್ಟಿರುತ್ತದೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗೋಲಿನ ಮುಂದೆ ಚೆಂಡು ಬೀಳುವಾಗ ಯೋಚನೆಗೆ ಪುರಸೊತ್ತಿರುವುದಿಲ್ಲ. ಕೀಪರ್ ಒಂದು ಮಾತು ಕೂಗಬೇಕು, ಡಿಫೆಂಡರ್ ಕೇಳಿದ ಕೂಡಲೇ ಹಾಗೆಯೇ ಮಾಡಬೇಕು. ಚೆಂಡು ನನ್ನದು ಎನ್ನಲು ಒಂದು ಕೂಗು, ನೀನೇ ಒದ್ದು ಆಚೆ ಕಳಿಸು ಎನ್ನಲು ಇನ್ನೊಂದು. ತಂಡದಲ್ಲಿ ಎಲ್ಲರಿಗೂ ಅರ್ಥವಾಗಲೆಂದು ‘ಕೀಪರ್’, ‘ಅವೇ’ ಎಂಬ ಎರಡು ಇಂಗ್ಲಿಷ್ ಪದ ಇಟ್ಟಿದ್ದೆವು. ಬೆಳಗಿನ ಅಭ್ಯಾಸದಲ್ಲಿ ಎಲ್ಲರೂ ಚೊಕ್ಕವಾಗಿಯೇ ಕೂಗುತ್ತಿದ್ದರು. ಆದರೆ ಗಾಬರಿಯಲ್ಲಿ ಬಾಯಿಗೆ ಬರುವುದು ಹುಟ್ಟಿದೂರಿನ ಮಾತು. ನಮ್ಮ ಕೀಪರಿಗೆ ಬರುತ್ತಿದ್ದದ್ದು ‘ಬುಡು’.

ಬಿಡು ಎನ್ನುವುದನ್ನು ನಮ್ಮ ಕಡೆ ಬುಡು ಎನ್ನುತ್ತೇವೆ. ಬನ್ನಿಮಂಟಪದ ಬೀದಿಯಲ್ಲಿ ಆಡಿ ಬೆಳೆದವಳಿಗೆ ಬುಡು ಅಂದರೆ ಚೆಂಡಿನ ತಂಟೆಗೆ ಬರಬೇಡ, ನಾನು ಹಿಡಿಯುತ್ತೇನೆ ಎಂದು. ಆದರೆ ‘ಒಂದು ಬುಟ್ಟ ನೋಡು’ ಅಂದರೆ ಬಾರಿಸಿದ ಎಂದೂ ಆಗುತ್ತದೆ. ಡಿಫೆಂಡರಿನ ಹಳ್ಳಿಯ ಮೈದಾನದಲ್ಲಿ ಚೆಂಡು ಕಾಲಿಗೆ ಸಿಕ್ಕವರನ್ನು ನೋಡಿ ಸುತ್ತ ನಿಂತವರು ‘ಬುಡು, ಬುಡು’ ಎಂದು ಕೂಗಿದರೆ ಬಲವಾಗಿ ಒದಿ ಎಂದೇ ಅರ್ಥ. ಒಂದೇ ಜಿಲ್ಲೆಯ ಇಬ್ಬರು, ಒಂದೇ ಪದ, ಎರಡು ತಿಳಿವಳಿಕೆ. ಪರಭಾಷೆಯವರ ನಡುವೆ ಇಂಥ ತಪ್ಪು ಆಗುವುದೇ ಇಲ್ಲ.

ಒಂದು ದಿನ, ಮೈದಾನದ ಮೂಲೆಯಿಂದ ಚೆಂಡು ಒದೆಯಿಸಿ, ಕಾರ್ನರ್ ಅಭ್ಯಾಸ ಮಾಡಿಸುತ್ತಿದ್ದೆ. ಗಾಳಿಗೆ ಚೆಂಡು ತಿರುಗಿ ಗೋಲಿನ ಹತ್ತಿರ ನೆಲಕ್ಕೆ ಬಿತ್ತು, ಪುಟಿಯಿತು. ಕೀಪರ್ ಮುಂದೆ ನುಗ್ಗಿ, ಹಿಡಿಯಲು ನೆಲಕ್ಕೆ ಬೀಳುತ್ತಾ, ‘ಬುಡು’ ಎಂದು ಕಿರುಚಿದಳು. ಡಿಫೆಂಡರ್ ಕಾಲು ಬೀಸಿದಳು. ಚೆಂಡು ಇಬ್ಬರಿಗೂ ಸಿಗಲಿಲ್ಲ. ಡಿಫೆಂಡರಿನ ಮೊಣಕಾಲು ಕೀಪರಿನ ಕಪಾಲಕ್ಕೆ ಬಡಿಯಿತು. ಆ ಸದ್ದು ನನಗೆ ಮೈದಾನದ ಅಂಚಿಗೂ ಕೇಳಿಸಿತು. ಕೀಪರ್ ಬಿದ್ದಲ್ಲೇ ಮಲಗಿದ್ದಳು. ಡಿಫೆಂಡರ್ ಮಂಡಿಯೂರಿ, “ಏಳೇ, ಏಳೇ, ಬುಡು ಅಂದ್ಯಲ್ಲೇ ನೀನು, ಅದಕ್ಕೇ ಬುಟ್ಟೆ ಕಣೇ,” ಎಂದು ಅಳುತ್ತಿದ್ದಳು. ತಂಡದ ಡಾಕ್ಟರ್ ಓಡಿ ಬಂದು ಅವಳ ಕತ್ತು ಅಲುಗದಂತೆ ಹಿಡಿದುಕೊಂಡರು.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ತಲೆಯೊಳಗಿನ ಈ ಬಗೆಯ ಪೆಟ್ಟು, ಡಾಕ್ಟರುಗಳು ಕನ್ಕಷನ್ ಎನ್ನುವುದು, ಸ್ಕ್ಯಾನಿನಲ್ಲಿ ಸಿಗುವುದಿಲ್ಲ. ಮೂಳೆ ಮುರಿದರೆ ಪ್ಲಾಸ್ಟರ್ ಹಾಕಿ ಎಲ್ಲರಿಗೂ ತೋರಿಸಬಹುದು. ಇದಕ್ಕೆ ಇರುವುದು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಒಂದು ಕ್ರಮ ಮಾತ್ರ. ಮೊದಲು ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ, ಫೋನ್ ಇಲ್ಲ, ಟಿವಿ ಇಲ್ಲ. ಆಮೇಲೆ ನಡಿಗೆ. ಆಮೇಲೆ ನಿಂತಲ್ಲೇ ತುಳಿಯುವ ಸೈಕಲ್. ಆಮೇಲೆ ಒಬ್ಬಳೇ ಚೆಂಡು ಹಿಡಿಯುವುದು. ಕೊನೆಗೆ ಉಳಿದವರ ಜೊತೆ ಮೈಗೆ ಮೈ ತಾಗುವ ಆಟ. ಒಂದು ಮೆಟ್ಟಿಲಿಗೆ ಕನಿಷ್ಠ ಒಂದು ದಿನ. ತಲೆನೋವು ಬಂದರೆ ಒಂದು ಮೆಟ್ಟಿಲು ಕೆಳಗೆ. ಪ್ರತಿ ಮೆಟ್ಟಿಲಿನಲ್ಲೂ ಡಾಕ್ಟರ್ ಪದಗಳನ್ನು ಹೇಳಿ ನೆನಪಿನಿಂದ ಒಪ್ಪಿಸಲು ಕೇಳುತ್ತಾರೆ, ತಿಂಗಳ ಹೆಸರುಗಳನ್ನು ಹಿಂದಿನಿಂದ ಹೇಳಿಸುತ್ತಾರೆ, ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಿಸುತ್ತಾರೆ.

ನಡಿಗೆಯ ದಿನ ನಾನೇ ಅವಳನ್ನು ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಸುತ್ತ ಕರೆದುಕೊಂಡು ಹೋದೆ. ಅವಳ ಮನೆ ಅಲ್ಲೇ ಹಿಂದಿನ ಬೀದಿಯಲ್ಲಿ. ಮನೆಗೆ ಹೋಗೋಣವಾ ಎಂದರೆ ಬೇಡ ಎಂದಳು. ಅಮ್ಮ ನೋಡಿದರೆ ಅಳುತ್ತಾಳಂತೆ.

“ಮೇಡಂ, ಈ ಸಲ ಬೆಂಚಿಗೆ ಕೂರಿಸ್ಬೇಡಿ,” ಎಂದಳು ಸ್ವಲ್ಪ ದೂರ ಹೋದ ಮೇಲೆ. “ಕೂತು ಕೂತು ಸಾಕಾಗೋಗದೆ.”

“ಮೊದ್ಲು ನೆಟ್ಟಗೆ ನಡಿ.”

“ನಡೀತಿದೀನಲ್ಲ.”

“ಅದನ್ನ ನಾನು ಹೇಳ್ಬೇಕು ಕಣೇ, ನೀನಲ್ಲ,” ಎಂದೆ. ನಕ್ಕಳು. ನನಗೂ ಸ್ವಲ್ಪ ಧೈರ್ಯ ಬಂತು.

ಸೈಕಲ್ಲಿನ ದಿನ ತಲೆನೋವು ಬಂತು. ಕ್ರಮದಂತೆ ಒಂದು ಮೆಟ್ಟಿಲು ಕೆಳಗಿಳಿಸಿದೆವು. ಪಂದ್ಯದ ದಿನ ಹತ್ತಿರವಾಗುತ್ತಿತ್ತು, ತಂಡದ ಅಂತಿಮ ಹೆಸರುಗಳನ್ನು ಕಳಿಸುವ ಗಡುವು ಅದಕ್ಕಿಂತ ಹತ್ತಿರವಿತ್ತು. ಅದು ಅವಳಿಗೆ ಗೊತ್ತಿತ್ತು. ಆಮೇಲೆ ಅವಳು ಒಮ್ಮೆಯೂ ತಲೆನೋವು ಎನ್ನಲಿಲ್ಲ. ಡಾಕ್ಟರ್ ಕೇಳಿದರೆ ‘ನೋ ಪೇನ್ ಸರ್’. ನಾನು ಕೇಳಿದರೆ ‘ಬುಡಿ ಮೇಡಂ, ಎಷ್ಟ್ ಸಲ ಕೇಳ್ತೀರಿ’. ತಲೆನೋವು ಇದೆಯೋ ಇಲ್ಲವೋ ಎಂದು ತಿಳಿಯಲು ಅವಳ ಬಾಯಿ ಬಿಟ್ಟರೆ ನಮಗೆ ಬೇರೆ ದಾರಿ ಇರಲಿಲ್ಲ.

ಕೊನೆಯ ಮೆಟ್ಟಿಲಿನ ಹಿಂದಿನ ದಿನ, ಸಂಜೆ, ಹಾಸ್ಟೆಲಿನ ಕಟ್ಟೆಯ ಮೇಲೆ ನಾವು ಮೂವರೂ ಕೂತೆವು. ಡಿಫೆಂಡರ್ ಚುರುಮುರಿ ಕಟ್ಟಿಸಿಕೊಂಡು ಬಂದಿದ್ದಳು. ಪೆಟ್ಟಾದಾಗಿನಿಂದ ಅವಳು ಕೀಪರಿಗೆ ಏನಾದರೊಂದು ತಂದುಕೊಡುತ್ತಲೇ ಇದ್ದಳು. ಬುಡು ಎನ್ನುವ ಕೂಗು ಇನ್ನು ಬೇಡ, ಇಂಗ್ಲಿಷೂ ನಿಮ್ಮ ಬಾಯಿಗೆ ಬರುವುದಿಲ್ಲ, ಎರಡು ಅರ್ಥವಿಲ್ಲದ ಪದ ನೀವೇ ಹುಡುಕಿ ಎಂದೆ.

“ನಂದು ಅಂತೀನಿ ಮೇಡಂ,” ಎಂದಳು ಕೀಪರ್. “ನಂದು ಅಂದ್ಮೇಲೆ ಮುಗೀತು. ಯಾರ್ಗೂ ಡೌಟೇ ಬರಲ್ಲ.”

“ಅಂಗಾದ್ರೆ ನಾನು ಒದಿಯೋದಿದ್ರೆ ಏನಂತೀಯಾ?” ಎಂದು ಡಿಫೆಂಡರ್ ಕೇಳಿದಳು.

“ಒದಿ ಅಂತೀನಿ. ಒದಿಯೋದ್ ನಿಂಗೆ ಹೇಳ್ಕೊಡ್ಬೇಕಾ? ನನ್ ತಲೇನೇ ಒದ್ದೋಳು.”

ಡಿಫೆಂಡರಿನ ಮುಖ ಚಿಕ್ಕದಾಯಿತು. ಕೀಪರ್ ಅವಳ ಬೆನ್ನ ಮೇಲೊಂದು ಗುದ್ದಿ, “ತಮಾಷೆಗಂದೆ ಕಣೇ,” ಎಂದಳು. ಊಟದ ಗಂಟೆಯವರೆಗೂ ಇಬ್ಬರೂ ಅಂಗಳದಲ್ಲಿ ನಂದು, ಒದಿ, ನಂದು, ಒದಿ ಎಂದು ಕೂಗಾಡುತ್ತಾ ಚೆಂಡು ಎಸೆದುಕೊಂಡರು. ಅಡುಗೆಯವರು ಬಂದು ಬೈದರು.

ಮರುದಿನ ಬೆಳಗ್ಗೆ ಪೂರ್ತಿ ತಂಡದೊಂದಿಗೆ ಆಟ. ಕೀಪರ್ ಚೆನ್ನಾಗಿಯೇ ಆಡುತ್ತಿದ್ದಳು. ಎರಡು ಒಳ್ಳೆಯ ಹೊಡೆತ ತಡೆದಳು, ಡಾಕ್ಟರ್ ನನ್ನ ಕಡೆ ನೋಡಿ ಹೆಬ್ಬೆರಳೆತ್ತಿದರು. ಆಮೇಲೆ ಬದಿಯಿಂದ ಒಂದು ಚೆಂಡು ಎತ್ತರಕ್ಕೆ ಬಂತು. ಕೀಪರ್ ಮುಂದೆ ಬಂದು ‘ಬುಡು’ ಎಂದು ಕೂಗಿದಳು. ಡಿಫೆಂಡರ್ ಬೆಚ್ಚಿ ನಿಂತುಬಿಟ್ಟಳು. ಚೆಂಡು ಇಬ್ಬರನ್ನೂ ದಾಟಿ ಹೋಯಿತು.

ನಾನು ಸೀಟಿ ಊದಿ ಗೋಲಿನ ಹತ್ತಿರ ಹೋದೆ. ಗಾಬರಿಯಲ್ಲಿ ಹಳೆಯ ಪದ ಬರುವುದು ಸಹಜ, ಅದಕ್ಕೇನೂ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಒಂದೆರಡು ಬೈಗುಳ ಬೈದು ವಾಪಸ್ ಬರೋಣವೆಂದೇ ಹೋದದ್ದು.

“ಏನೇ ಅದು ಕೂಗಿದ್ದು?”

“ಬುಡು ಅಂದೆ ಮೇಡಂ. ಇವ್ಳು ನಿಂತ್ಬುಟ್ಲು ನೋಡಿ.”

“ಬುಡು ಯಾಕಂದೆ?”

“ಇನ್ನೇನಂತಾರೆ ಮೇಡಂ? ಅದನ್ನೇ ತಾನೇ ನಾನು ಯಾವಾಗ್ಲೂ ಅನ್ನೋದು?”

ಅವಳು ತಮಾಷೆ ಮಾಡುತ್ತಿರಲಿಲ್ಲ. ನನ್ನನ್ನು ನೋಡುತ್ತಾ, ನಾನೇ ಏನೋ ಅಸಂಬದ್ಧ ಕೇಳುತ್ತಿರುವಂತೆ ಮುಖ ಮಾಡಿದ್ದಳು. ಡಿಫೆಂಡರ್ ಮೆಲ್ಲಗೆ, “ನಂದು ಅಂತ ಕಣೇ, ನೀನೇ ಏಳಿದ್ದು,” ಎಂದಳು. ಕೀಪರ್ ಅವಳ ಕಡೆ ತಿರುಗಿದಳು, ಒಂದು ಗಳಿಗೆ ಏನೂ ಹೊಳೆಯದೆ ನಿಂತಳು, ಆಮೇಲೆ ಗಡಿಬಿಡಿಯಿಂದ, “ಹೂಂ ಹೂಂ, ನಂದು. ಮರ್ತೋಯ್ತು,” ಎಂದಳು.

“ನಿನ್ನೆ ಸಾಯಂಕಾಲ ಏನ್ ತಿಂದ್ವಿ ಹೇಳು,” ಎಂದೆ.

“ಊಟ.”

“ಊಟಕ್ಕೆ ಮುಂಚೆ. ಕಟ್ಟೆ ಮೇಲೆ.”

ಅವಳ ಕಣ್ಣು ನನ್ನ ಹೆಗಲಿನ ಹಿಂದೆ ಹೋಯಿತು. “ಚುರುಮುರಿ,” ಎಂದಳು. ನಾನು ತಿರುಗಿ ನೋಡಿದೆ. ಡಿಫೆಂಡರ್ ಆಗಷ್ಟೇ ತುಟಿ ಮುಚ್ಚಿ ನೆಲ ನೋಡತೊಡಗಿದ್ದಳು.

ಡಿಫೆಂಡರನ್ನು ಆಮೇಲೆ ಒಬ್ಬಳನ್ನೇ ಕರೆದು, ನೀನು ಹೇಳಿಕೊಟ್ಟೆಯಾ ಎಂದು ಕೇಳಿದೆ. “ಗೊತ್ತಿತ್ತು ಮೇಡಂ ಅವ್ಳಿಗೆ. ಎಲ್ಲಾ ಗ್ಯಾಪ್ಕ ಐತೆ,” ಎಂದಳು. ಎಷ್ಟು ಸಲ ಕೇಳಿದರೂ ಅದೇ ಮಾತು. ಹೊಡೆದವಳು ತಾನು, ಈಗ ಜಾಗ ಕಳೆಯುವವಳೂ ತಾನೇ ಆಗಬಾರದೆಂದು ಅವಳು ತೀರ್ಮಾನ ಮಾಡಿಕೊಂಡಿದ್ದಳು. ಅವಳ ಮೇಲೆ ಸಿಟ್ಟು ಬಂತು, ಬೈಯಲು ಬಾಯಿ ಬರಲಿಲ್ಲ.

ಡಾಕ್ಟರ್ ಉತ್ತರದ ಕಡೆಯವರು, ಕನ್ನಡ ಬಾರದು. ನಾನು ಎಲ್ಲವನ್ನೂ ವಿವರಿಸಿದೆ. ಪದ ಮರೆತದ್ದು ದೊಡ್ಡದಲ್ಲ, ಪದ ಬದಲಾಯಿಸಿದ್ದೇ ಮರೆತುಹೋಗಿದೆ, ನಿನ್ನೆಯ ಸಂಜೆಯೇ ಅವಳ ತಲೆಯಲ್ಲಿ ಇಲ್ಲ ಎಂದೆ. ಅವರು ಅಸಡ್ಡೆ ಮಾಡಲಿಲ್ಲ. ಮಧ್ಯಾಹ್ನ ಮತ್ತೆ ಎಲ್ಲ ಪರೀಕ್ಷೆ ಮಾಡಿದರು, ಹೊಸ ಪದಗಳನ್ನು ಕೊಟ್ಟರು. ಅವಳು ಎಲ್ಲದರಲ್ಲೂ ಪಾಸಾದಳು. ಒಂಟಿಕಾಲಲ್ಲಿ ನನಗಿಂತ ಚೆನ್ನಾಗಿ ನಿಂತಳು. ನನ್ನ ಪರೀಕ್ಷೆಯಲ್ಲಿ ಏನೂ ಸಿಗುತ್ತಿಲ್ಲ, ಸಿಗದೆ ಅವಳು ಅನರ್ಹ ಎಂದು ಬರೆಯಲಾರೆ ಎಂದರು ಡಾಕ್ಟರ್. ನಿನ್ನೆ ತಲೆ ತುಂಬ ಯೋಚನೆ ಇದ್ದಿರಬಹುದು, ನಿದ್ದೆ ಕೆಟ್ಟಿರಬಹುದು ಎಂದರು. ಇರಬಹುದು ಎಂದೆ.

ಇಲ್ಲಿ ಒಂದು ನಿಯಮ ಹೇಳಬೇಕು. ಡಾಕ್ಟರ್ ಅನರ್ಹ ಎಂದು ಬರೆದರೆ ಆಟಗಾರ್ತಿಯನ್ನು ಗಾಯದ ಕಾರಣಕ್ಕೆ ಬಿಡಬಹುದು, ಗುಣವಾದ ಮೇಲೆ ಅವಳ ಜಾಗ ಅವಳಿಗೇ. ಹಾಗೆ ಬರೆಯದಿದ್ದರೆ ಕೋಚ್‌ಗೆ ಉಳಿಯುವುದು ಒಂದೇ ಕಾರಣ, ಆಟ ಸಾಲದು. ಅಂದರೆ ನಾನು ಅವಳನ್ನು ಬಿಡುವುದಾದರೆ, ಆಟದಲ್ಲಿ ಒಂದು ಕೊರತೆಯೂ ಇಲ್ಲದವಳನ್ನು ಆಟ ಸಾಲದು ಎಂದು ಬಿಡಬೇಕು. ಮೂವತ್ತು ದಾಟಿದವಳಿಗೆ ಹಾಗೆ ಬರೆದರೆ ಅವಳ ಕಥೆ ಮುಗಿದಂತೆ.

ಫೆಡರೇಷನ್ನಿನ ಹಿರಿಯ ಪದಾಧಿಕಾರಿಯೊಬ್ಬರು ಅಷ್ಟರಲ್ಲಿ ಫೋನ್ ಮಾಡಿದರು. ನಮ್ಮ ಮೈಸೂರಿನವರೇ. “ಏನ್ ಮೇಡಂ, ಡಾಕ್ಟ್ರೇ ಫಿಟ್ ಅಂದ್ಮೇಲೆ ನಿಮ್ದೇನ್ರೀ ತಕರಾರು?”

“ಅವಳಿಗೆ ನಿನ್ನೆದು ನೆನಪಿಲ್ಲ ಸರ್.”

“ಬುಡು ಅಂದ್ಲಂತೆ. ನಾನೂ ದಿನಾ ಮನೇಲಿ ಬುಡು ಅಂತೀನಿ ಕಣ್ರೀ, ನನ್ನೂ ಆಸ್ಪತ್ರೆಗೆ ಸೇರಿಸ್ತೀರಾ?” ನಕ್ಕರು. ಆಮೇಲೆ ದನಿ ಬದಲಾಯಿತು. “ನೋಡಿ, ಎರಡನೇ ಕೀಪರ್ ಇನ್ನೂ ಎಳಸು. ಗೆದ್ರೆ ಯಾರೂ ಕೇಳಲ್ಲ. ಸೋತ್ರೆ ನಾನು ನಿಮ್ಮನ್ನ ಕಾಪಾಡಕ್ಕಾಗಲ್ಲ.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎರಡನೇ ಕೀಪರ್ ಈಶಾನ್ಯದ ಕಡೆಯ ಹುಡುಗಿ, ಚುರುಕು ಕೈ, ಆದರೆ ಗೋಲ್ ಗೆರೆ ಬಿಟ್ಟು ಮುಂದೆ ಬರಲು ಹೆದರುತ್ತಿದ್ದಳು. ನಮ್ಮ ಎದುರಾಳಿಗಳು ಗೋಲು ಹೊಡೆಯುತ್ತಿದ್ದದ್ದೇ ಕಾರ್ನರುಗಳಲ್ಲಿ.

ಮನೆಗೆ ಹೋಗಿ ಕೂತೆ. ನನಗೆ ಭಯವಾಗಿತ್ತು, ಎರಡೂ ಕಡೆಯಿಂದ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಜೀವಕ್ಕೇ ಕುತ್ತು ಬರಬಹುದು ಎಂದು ಡಾಕ್ಟರೇ ಮೊದಲ ದಿನ ಹೇಳಿದ್ದರು. ಗೋಲ್‌ಕೀಪರ್ ಎಂದರೆ ಕಾಲುಗಳ ನಡುವೆ ತಲೆ ಹಾಕುವವಳು, ಅವಳಿಗೆ ಪೆಟ್ಟು ಬೀಳುವುದಿಲ್ಲ ಎಂದು ಯಾವ ಕೋಚ್ ಹೇಳಲಾದೀತು? ಆದರೆ ನನ್ನ ಅನುಮಾನವೇ ತಪ್ಪಾಗಿದ್ದರೆ? ಒಂದು ಸಂಜೆ ಮರೆತವಳಿಂದ ನಾನು ಇಡೀ ಬಾಳಿನ ಕೆಲಸ ಕಿತ್ತುಕೊಂಡಂತಾಗುತ್ತಿತ್ತು. ಕೈಯಲ್ಲಿ ಇದ್ದ ಆಧಾರ ಒಂದು ಪದ, ಅದೂ ತಂಡದಲ್ಲಿ ನಮ್ಮ ಮೂವರಿಗಲ್ಲದೆ ಮತ್ತೊಬ್ಬರಿಗೆ ವಿವರಿಸಿದರೂ ಅರ್ಥವಾಗದ ಪದ. ಕೊನೆಗೆ ಒಂದೇ ಮಾತು ಕೇಳಿಕೊಂಡೆ. ಇವಳು ಆಡಿ ಏನಾದರೂ ಆದರೆ, ಬನ್ನಿಮಂಟಪದ ಆ ಹಿಂದಿನ ಬೀದಿಗೆ ಹೋಗಿ ಇವಳ ಅಮ್ಮನಿಗೆ ಡಾಕ್ಟರ್ ಫಿಟ್ ಅಂದಿದ್ದರು ಎಂದು ಹೇಳಲು ನನ್ನಿಂದ ಆಗುತ್ತದೆಯೇ? ಆಗುವುದಿಲ್ಲ ಎಂದು ಗೊತ್ತಾಯಿತು. ಮರುದಿನ ಬೆಳಗ್ಗೆ ಅವಳ ಹೆಸರಿಲ್ಲದೆ ತಂಡ ಕಳಿಸಿದೆ.

ಕಳಿಸಿದ ಮೇಲೆ ಮೈದಾನಕ್ಕೆ ಹೋಗಿ ನಾನೇ ಹೇಳಿದೆ. ಅವಳು ಗೋಲಿನ ಬಲೆಯ ಗಂಟು ಸರಿಮಾಡುತ್ತಿದ್ದಳು. ಕೇಳಿಸಿಕೊಂಡು ಆ ಗಂಟನ್ನು ಪೂರ್ತಿ ಬಿಗಿದಳು.

“ನಾನು ಚೆನ್ನಾಗಿದೀನಿ ಮೇಡಂ.”

“ನಂಗೆ ಹಾಗನ್ನಿಸ್ತಿಲ್ಲ ಕಣಮ್ಮ.”

“ಡಾಕ್ಟ್ರಿಗೆ ಅನ್ನಿಸ್ತು. ನಿಮಗ್ ಅನ್ನಿಸ್ಲಿಲ್ಲ.” ಅವಳ ದನಿ ಏರಲಿಲ್ಲ. “ನಮ್ಮೂರೋರೇ ಕೋಚ್ ಆಗಿ ಬಂದ್ರು ಅಂತ ನಮ್ಮಮ್ಮ ಬೀದಿಗೆಲ್ಲಾ ಸ್ವೀಟ್ ಹಂಚಿದ್ಲು. ಬೇರೆ ಯಾರಾದ್ರೂ ಆಗಿದ್ದಿದ್ರೆ ನಾನು ಬುಡು ಅಂದಿದ್ದು ಅವರಿಗೆ ಗೊತ್ತೇ ಆಯ್ತಿರ್ಲಿಲ್ಲ.”

ಅವಳು ಹೇಳಿದ್ದು ನಿಜ. ಮೈದಾನದ ಅಂಚಿನಲ್ಲಿದ್ದ ಚೀಲ ಎತ್ತಿಕೊಂಡು ಹೊರಟುಹೋದಳು. ಅಂದಿನ ಅಭ್ಯಾಸದಲ್ಲಿ ಡಿಫೆಂಡರ್ ನನ್ನ ಮುಖ ನೋಡಲಿಲ್ಲ.

ಪಂದ್ಯವನ್ನು ಉದ್ದಕ್ಕೆ ಹೇಳಲು ಮನಸ್ಸಿಲ್ಲ. ಹುಡುಗಿಯರು ಪ್ರಾಣ ಕೊಟ್ಟು ಆಡಿದರು. ಆಟ ಮುಗಿಯುವ ಹೊತ್ತಿಗೆ ಸಮ ಇತ್ತು, ಒಂದು ಕಾರ್ನರ್ ಬಂತು. ಚೆಂಡು ಗೋಲಿನ ತೀರ ಹತ್ತಿರ ಇಳಿಯಿತು, ಮುಂದೆ ಬಂದರೆ ಕೈಗೆ ಸಿಗುವ ಚೆಂಡು. ಆ ಎಳೆಯ ಕೀಪರ್ ಗೆರೆಯ ಮೇಲೇ ನಿಂತಳು. ಏನೂ ಕೂಗಲಿಲ್ಲ. ಡಿಫೆಂಡರ್ ಕೂಗಿಗಾಗಿ ಕಾದು ಹಿಂದೆ ತಿರುಗಿ ನೋಡಿದಳು, ಅಷ್ಟರಲ್ಲಿ ಎದುರಾಳಿಯ ತಲೆಗೆ ಚೆಂಡು ತಾಗಿ ಬಲೆಯೊಳಗಿತ್ತು. ಸೀಟಿಯಾದ ಮೇಲೆ ಆ ಹುಡುಗಿ ಕಂಬ ಹಿಡಿದು ಅಳುತ್ತಿದ್ದಳು, ನಾನು ಹೋಗಿ ಪಕ್ಕದಲ್ಲಿ ನಿಂತೆ. ಸಮಾಧಾನ ಹೇಳಲು ನನಗೆ ಅವಳ ಭಾಷೆ ಬರುತ್ತಿರಲಿಲ್ಲ.

ನನ್ನ ಕರಾರು ಮುಂದುವರಿಸಲಿಲ್ಲ. ಪತ್ರಿಕೆಗಳಲ್ಲಿ ಊರಿನವಳ ಮೇಲೇ ಹಗೆ ಸಾಧಿಸಿದಳು ಎಂದು ಬಂತು. ಕಾರಣ ಹೇಳೋಣವೆಂದರೆ ಅವಳ ತಲೆಯ ವಿಷಯ ಊರಿಗೆಲ್ಲ ಹೇಳಬೇಕಾಗುತ್ತಿತ್ತು, ಆಮೇಲೆ ಯಾವ ಕ್ಲಬ್ಬೂ ಅವಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಸುಮ್ಮನಿದ್ದೆ. ಅವಳು ಆಟ ಬಿಟ್ಟದ್ದು ತಿಳಿಯುವವರೆಗೂ ಯಾರಿಗೂ ಹೇಳಲಿಲ್ಲ.

ಅವಳು ಸಿಕ್ಕಿದ್ದು ಎಷ್ಟೋ ತಿಂಗಳ ಮೇಲೆ, ಮೈಸೂರಿನದೇ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಬಸ್ ನಿಲ್ದಾಣದಲ್ಲಿ. ಮಧ್ಯಾಹ್ನ, ಶಿಫ್ಟ್ ಬದಲಾಗುವ ಹೊತ್ತು. ಅವಳು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು, ಮೈಮೇಲೆ ಕಾರ್ಖಾನೆಯ ಅಂಗಿ. ಮುಖ ತಿರುಗಿಸಿಕೊಳ್ಳುತ್ತಾಳೆ ಎಂದುಕೊಂಡೆ. ಅವಳೇ ಬಂದು, “ಚೆನ್ನಾಗಿದೀರಾ ಮೇಡಂ?” ಎಂದಳು. ಕ್ಲಬ್ಬಿಗೆ ವಾಪಸ್ ಹೋದದ್ದು, ಕೆಲವೇ ದಿನದಲ್ಲಿ ಅವಳೇ ಬಿಟ್ಟು ಬಂದದ್ದು ಹೇಳಿದಳು. ಬಿಸಿಲಿಗೆ ಅವಳು ಕಣ್ಣು ಕಿರಿದು ಮಾಡಿಕೊಂಡೇ ಮಾತಾಡುತ್ತಿದ್ದಳು.

“ಒಂದ್ ವಿಷ್ಯ ನಿಮಗೆ ಹೇಳ್ಬುಡ್ಬೇಕು,” ಎಂದಳು. “ಬುಡು ಅಂದ್ನಲ್ಲ, ಆ ಬೆಳಗ್ಗೆ ನಂಗೆ ಚೆಂಡು ಎರಡೆರಡು ಕಾಣ್ತಿತ್ತು. ಎತ್ತರಕ್ ಬಂದ್ರೆ ಮಾತ್ರ. ಕೆಳಗ್ ಬರೋದು ಸರಿಯಾಗೇ ಕಾಣ್ತಿತ್ತು. ಎತ್ತರದ್ರಲ್ಲಿ ಯಾವ್ದು ನಿಜವಾದ್ದು ಅಂತ ಕೈಗ್ ಸಿಕ್ಕಿದ್ರೇನೇ ಗೊತ್ತಾಗೋದು. ಯಾರ್ಗೂ ಹೇಳ್ಲಿಲ್ಲ. ಅವ್ಳಿಗೂ ಹೇಳ್ಲಿಲ್ಲ.”

ನನಗೆ ಮೊದಲು ಆದದ್ದು ಸಮಾಧಾನ. ಇಷ್ಟು ದಿನ ಕಾಡಿದ್ದು ಇಳಿಯಿತು, ನಾನು ಸರಿಯಾಗಿದ್ದೆ ಎಂದು ಖುಷಿಯೇ ಆಯಿತು. ಅವಳ ಎದುರು ನಿಂತು ಹಾಗೆ ಖುಷಿಪಟ್ಟದ್ದಕ್ಕೆ ನಾಚಿಕೆಯೂ ಆಯಿತು. “ಈಗ ಹೇಗಿದೆಯೇ?” ಎಂದು ಕೇಳಿದೆ.

“ಈಗ ಒಂದೇ ಕಾಣ್ತದೆ. ಮಿಷಿನ್ ಸದ್ದಿಗೆ ತಲೆ ಸಿಡೀತದೆ, ಅಷ್ಟೇ. ನೀವು ಮಾಡಿದ್ದು ಸರಿ ಮೇಡಂ. ನಾನೇ ಕೋಚ್ ಆಗಿದ್ರೂ ಅದನ್ನೇ ಮಾಡ್ತಿದ್ದೆ.”

ಬಸ್ಸು ಬಂತು. ಜನ ನುಗ್ಗಿದರು. ಅವಳು ಬಾಗಿಲ ಕಂಬಿ ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದಳು.

“ಆದ್ರೂ ಆಡಿಸ್ಬೇಕಿತ್ತು ನೀವು,” ಎಂದು ಹೇಳಿ ಒಳಗೆ ಹೋದಳು.